ಊಟಕ್ಕೆ ಮುಂಚಿನ ಕೆಂಪು ಪಟ್ಟಿ

ಸ್ಕೂಟರ್ ಫುಟ್‌ಪಾತ್ ಹತ್ತಿತು!

ಹಣ್ಣಿನಂಗಡಿಯವನು ಕಿರುಚಿದ. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಗಾಸ್ಪಾರ್‌ನ ಬೈಕು ಬೆನ್ನಿಗೇ ಬಂದಿರುವುದು ಗೊತ್ತಾಗುತ್ತಿತ್ತು... ಗೊತ್ತಾಗಿ ಏನು ಮಾಡಲಿ?

ನಾನು ಒಡೀಲ್. ಪ್ಯಾರಿಸ್ಸಿನ ಒಂದು ಪ್ರಕಾಶನದಲ್ಲಿದ್ದೇನೆ. ನನ್ನ ಕೆಲಸಕ್ಕೆ ಹೆಸರಿಲ್ಲ. ಯಾರಾದರೂ ಎಡವಟ್ಟು ಮಾಡಿದರೆ ನನ್ನನ್ನು ಕರೆಯುತ್ತಾರೆ.

ಅವತ್ತಿನ ಎಡವಟ್ಟು ಕೇಳಿ. ವೆರ್ನೋ ಪ್ರಶಸ್ತಿಯ ತೀರ್ಪುಗಾರರು ಹೋಟೆಲಿನ ಮಹಡಿಯಲ್ಲಿ ಊಟ ಮಾಡುತ್ತಲೇ ವೋಟು ಹಾಕುತ್ತಾರೆ. ಗೆದ್ದ ಪುಸ್ತಕಕ್ಕೆ ಪ್ರಶಸ್ತಿಯ ಹೆಸರಿರುವ ಕೆಂಪು ಕಾಗದದ ಪಟ್ಟಿ ಸುತ್ತುತ್ತೇವೆ. ಎಲ್ಲ ಪ್ರಕಾಶಕರೂ ಪಟ್ಟಿಯನ್ನು ಮೊದಲೇ ಅಚ್ಚು ಹಾಕಿಸಿ ಬಚ್ಚಿಡುವವರೇ. ನಮ್ಮ ಗೋದಾಮಿನವರು ಬಚ್ಚಿಡುವ ಬದಲು ಸುತ್ತಿ ಕಳಿಸಿಬಿಟ್ಟಿದ್ದರು!

ಅದೂ ಆ ಹೋಟೆಲಿನ ಎದುರಿನ ಪುಸ್ತಕದಂಗಡಿಗೆ!

ಹಿಂದೊಮ್ಮೆ ಹೀಗೇ ಆಗಿತ್ತು. ಸಿಟ್ಟಾದ ತೀರ್ಪುಗಾರರು ಆ ಪುಸ್ತಕಕ್ಕೆ ಒಂದೇ ಒಂದು ವೋಟೂ ಕೊಡಲಿಲ್ಲ. ಆ ಲೇಖಕ ಮತ್ತೆ ಬರೆಯಲೇ ಇಲ್ಲ.

ಈ ಸಲದ ನಮ್ಮ ಲೇಖಕಿ ಸೋಲೆನ್. ಬ್ರೆಸ್ಟ್ ಬಂದರಿನಲ್ಲಿ ವರದಿಗಾರ್ತಿಯಾಗಿದ್ದವಳು. ಪತ್ರಿಕೆ ಮುಚ್ಚಿತು, ಕೂತು ಕಾದಂಬರಿ ಬರೆದಳು. ಇದು ಗೆಲ್ಲದಿದ್ದರೆ ಎರಡನೆಯದನ್ನು ನಮ್ಮ ಯಜಮಾನರು ಮುಟ್ಟುವುದಿಲ್ಲ. ಗೆದ್ದರೆ ಓಡಿಬರಲಿ ಅಂತ ಅವಳನ್ನು ಪಕ್ಕದ ಬೀದಿಯ ಕೆಫೆಯಲ್ಲಿ ಕೂರಿಸಿದ್ದೆ.

ಗಾಸ್ಪಾರ್ ಎದುರಾಳಿ ಪ್ರಕಾಶನದವನು. ನಾನು ಹೋಗಿ ಪಟ್ಟಿ ಬಿಚ್ಚುವ ಮೊದಲು ಅವನಿಗೆ ಒಂದು ಫೋಟೋ ಸಾಕು. ಅದು ತೀರ್ಪುಗಾರರಿಗೆ ತಲುಪಿದರೆ ನಮ್ಮ ಕತೆ ಮುಗಿಯಿತು.

ಬೈಕು ಪಕ್ಕಕ್ಕೇ ಬಂತು.

"ಮೇಡಂ, ಈ ವಯಸ್ಸಲ್ಲಿ ಮನೇಲಿ ಕೂತು ಸ್ವೆಟರ್ ಹೆಣೀಬಾರ್ದಾ?"

"ಹೆಣೀತಾನೇ ಇದೀನಪ್ಪಾ... ನಿನಗೆ ಉರುಲು!"

ಕಸದ ಲಾರಿ ಅಡ್ಡ ಬಂತು. ನಾನು ಸಂದಿಯಲ್ಲಿ ನುಗ್ಗಿದೆ. ಅವನು ಹಿಂದೆ ಉಳಿದ... ಆದರೂ ಅಂಗಡಿಯ ಬಾಗಿಲಲ್ಲಿ ಇಬ್ಬರ ಭುಜಗಳೂ ಡಿಕ್ಕಿ ಹೊಡೆದವು!

ಒಳಗೆ ಒಬ್ಬರು ಮುದುಕರು ಬಗ್ಗಿ, ನಮ್ಮ ಪುಸ್ತಕಗಳ ಪಟ್ಟಿಯನ್ನು ಒಂದೊಂದಾಗಿ ಬಿಚ್ಚಿ ಕೋಟಿನ ಜೇಬಿಗೆ ತುರುಕುತ್ತಿದ್ದರು.

ಬ್ರಿಸಾಕ್! ತೀರ್ಪುಗಾರರ ಅಧ್ಯಕ್ಷರು!



"ನೋಡಿ ಸರ್!" ಗಾಸ್ಪಾರ್ ಫೋನ್ ಎತ್ತಿದ. "ಊಟಕ್ಕೆ ಮೊದಲೇ ಪಟ್ಟಿ! ಎಷ್ಟು ಕೊಬ್ಬು ಇವರಿಗೆ!"

"ನೋಡ್ದೆ ಮಗೂ." ಬ್ರಿಸಾಕ್ ಕೋಟಿನ ಇನ್ನೊಂದು ಜೇಬಿನಿಂದ ಕೆಂಪು ಕಾಗದದ ಸುರುಳಿ ತೆಗೆದರು. "ಇದು ನಿಮ್ಮ ಪ್ರಕಾಶನದ್ದು. ಆ ಮೂಲೇಲಿತ್ತು."

ಫೋನ್ ಕೆಳಗಿಳಿಯಿತು.

"ಅವತ್ತು ಒಬ್ಬ ಬರೆಯೋದೇ ಬಿಟ್ಟನಲ್ಲ, ಆಮೇಲೆ ಪ್ರತಿ ವರ್ಷ ಮೊದಲೇ ಬಂದು ನೋಡ್ತೀನಿ. ಉಳಿದವರು ಇದನ್ನ ಕಂಡ್ರೆ ಪುಸ್ತಕ ಮರೆತು ಪಟ್ಟಿ ಮೇಲೆ ಸಿಟ್ಟು ತೀರಿಸ್ಕೋತಾರೆ. ಬರೆದವರದೇನು ತಪ್ಪು, ಹೇಳಿ?"

ನನ್ನ ಏದುಸಿರು ಅವರಿಗೆ ಕೇಳಿಸಿತೇನೋ. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

"ಕೂತ್ಕೊಳ್ಳಿ ಒಡೀಲ್. ಸ್ವಲ್ಪ ಸುಧಾರಿಸ್ಕೊಳ್ಳಿ."

ಎರಡೂ ಜೇಬು ಉಬ್ಬಿಸಿಕೊಂಡು ಊಟಕ್ಕೆ ಹೊರಟರು.

ಕೆಫೆಯಲ್ಲಿ ಸೋಲೆನ್ ಬ್ರೆಡ್ಡನ್ನು ಪುಡಿಪುಡಿ ಮಾಡಿಟ್ಟಿದ್ದಳು. ತಿಂದಿರಲಿಲ್ಲ.

"ಸೋತ್ರೆ ಊರಿಗೆ ಯಾವ ರೈಲಿದೆ ನನಗೆ?"

"ಸುಮ್ನೆ ಕಾಫಿ ಕುಡಿ ಮಗಳೇ."

ಫೋನ್ ಬಡಿದುಕೊಂಡಿತು.

ಒಂದೇ ವೋಟಿನಲ್ಲಿ... ಗೆದ್ದಿದ್ದಳು!

ಕುತ್ತಿಗೆಯ ನ್ಯಾಪ್‌ಕಿನ್ ಸಮೇತ ಓಡಿದಳು. ಹಿಂದೆಯೇ ಓಡಿದ ನನಗೆ ಅರ್ಧ ದಾರಿಯಲ್ಲಿ ಹೊಳೆಯಿತು. ಅಂಗಡಿಯಲ್ಲಿ ಪುಸ್ತಕವಿದೆ. ಪಟ್ಟಿ?

ಹೋಟೆಲಿನ ಮಹಡಿ ಹತ್ತಿದೆ. ಬ್ರಿಸಾಕ್ ಒಂದೊಂದು ಪಟ್ಟಿಯನ್ನೂ ಮೇಜಿನ ಮೇಲೆ ಅಂಗೈಯಿಂದ ನೀವಿ, ಮಡಿಕೆ ಬಿಡಿಸಿ ಕೊಟ್ಟರು.

"ಒಂದಕ್ಕೆ ಸಾಸ್ ತಾಗಿದೆ, ಕ್ಷಮಿಸಿ."

ಗಾಸ್ಪಾರ್‌ನ ಪಟ್ಟಿಗಳು ಇನ್ನೊಂದು ಜೇಬಿನಲ್ಲಿದ್ದವು. ಅವನ್ನು ಕೇಳಲು ಯಾರೂ ಮಹಡಿ ಹತ್ತಲಿಲ್ಲ.