ಗೂಢಚಾರ ಕೇಳಿದ ಗುಟ್ಟು

"ಆಟದೊಳಗಿನವನು ಏನೇ ಕೇಳಲಿ, ನಿಮ್ಮದು ಅನ್ನೋದು ಒಂದನ್ನೂ ಕೊಡಬೇಡಿ. ಬಾಯಿಗೆ ಬಂದ ಸುಳ್ಳು ಬರೀರಿ, ಸಾಕು" ಎಂದರು ಮೇಷ್ಟ್ರು.

ಅವರು ಎಂದೂ ಪಾಠ ಹೇಳಿದವರಲ್ಲ. ಹಳೆಯ ಕಂಪ್ಯೂಟರ್ ಆಟಗಳಿಗೆ ಮರುಜೀವ ಕೊಡುವ ಆ ಕಚೇರಿಯಲ್ಲಿ ಹಿರಿತನಕ್ಕೆ ಬಂದ ಹೆಸರು ಅದು. ಎದುರು ಕೂತಿದ್ದ ಅವಳು ಅಲ್ಲಿ ಸೇರಿ ಒಂಬತ್ತು ದಿನವಾಗಿತ್ತಷ್ಟೆ. ಆಟದ ಮೂಲೆಮೂಲೆಯನ್ನೂ ಒತ್ತಿ ನೋಡಿ ತಪ್ಪು ಹಿಡಿಯುವುದು ಅವಳ ಕೆಲಸ.

"ಯಾಕೆ, ಕಚ್ತಾನಾ?"

"ನಗಬೇಡಿ. ಈ ಆಟ ಬರೆದವನ ಮಗಳು ಕಳೆದುಹೋಗಿದ್ಲು. ಸಿಗಲೇ ಇಲ್ಲ. ಸಂಕಟ ತಡೀಲಾರದೆ ಮಾಟಗಾರನ ಹತ್ರ ಹೋಗಿ ಈ ಡಿಸ್ಕಿಗೆ ಮಂತ್ರ ಹಾಕಿಸ್ಕೊಂಡು ಬಂದ, ಹೇಗಾದ್ರೂ ಒಂದು ಮಗು ಬೇಕು ಅಂತ. ಮಾಟಕ್ಕೆ ಕೂದಲು, ಉಗುರು ಬೇಕು ಅಂತಾರಲ್ಲ, ಈ ಆಟದವನಿಗೆ ನಿಮ್ಮದೊಂದು ನಿಜ ಸಾಕು."

"ಮೇಷ್ಟ್ರೇ, ನನ್ನ ಮಗಳ ಕಾಟದ ಮುಂದೆ ಯಾವ ಮಾಟ ನಡೆಯುತ್ತೆ?" ಎಂದು ನಕ್ಕು ಅವಳು ಡಿಸ್ಕ್ ತೂರಿಸಿದಳು. ಮೇಷ್ಟ್ರು ಊಟಕ್ಕೆ ಹೋದರು.

ಕಿಟಕಿಗೆ ಕಪ್ಪು ಬಟ್ಟೆ ಎಳೆದಿದ್ದರಿಂದ ಹಾಡಹಗಲೇ ಕೋಣೆ ಕತ್ತಲಾಗಿತ್ತು. ಹಳೆಯ ದಪ್ಪ ಮಾನಿಟರಿನಿಂದ ಸುಟ್ಟ ಧೂಳಿನ ವಾಸನೆ ಬರುತ್ತಿತ್ತು. ಡಿಸ್ಕ್ ಕರಕರ ಎನ್ನುತ್ತಿತ್ತು. ಆಟದಲ್ಲಿ ಉದ್ದ ಕೋಟಿನ ಗೂಢಚಾರನೊಬ್ಬ ಹೋಟೆಲ್ ಕೋಣೆಯಲ್ಲಿ ಎಚ್ಚರಗೊಂಡ. ತಾನು ಯಾರೆಂದೇ ಅವನಿಗೆ ಗೊತ್ತಿಲ್ಲ. ಮಂಚ, ಡ್ರಾಯರ್, ಕನ್ನಡಿ, ಏನನ್ನು ಒತ್ತಿದರೂ 'ನೆನಪಾಗುತ್ತಿಲ್ಲ' ಎಂಬ ಸಾಲು ಮೂಡುತ್ತಿತ್ತು. ಬಾಗಿಲನ್ನು ಒತ್ತಿದಾಗ ಅವನು ಕೇಳಿದ: 'ಗುಟ್ಟಿನ ಮಾತು?'

ಹನ್ನೊಂದು ಸುಳ್ಳು ಬರೆದಳು. ಜಪ್ಪಯ್ಯ ಎಂದರೂ ಬಾಗಿಲು ಅಲುಗಲಿಲ್ಲ. ಇಂಥ ಕೆಲಸದವರಿಗೆ ಒಂದು ಚಾಳಿಯಿದೆ. ಖಾಲಿ ಜಾಗ ಕಂಡರೆ ಬೆರಳು ತಾನಾಗಿ ತನ್ನ ರೂಢಿಯ ಗುಟ್ಟಿನ ಪದ ಒತ್ತಿಬಿಡುತ್ತದೆ. ಅವಳ ಬೆರಳು ಒತ್ತಿದ್ದು 'ಗಡ್ಡದ ಆಮೆ'. ಅದು ಅವಳಿಗೂ ಏಳು ವರ್ಷದ ಮಗಳಿಗೂ ಮಾತ್ರ ಗೊತ್ತಿದ್ದ ಮಾತು. ಶಾಲೆಯ ಗೇಟಿಗೆ ಯಾರೇ ಕರೆಯಲು ಬರಲಿ, ಅದನ್ನು ಹೇಳಿದರಷ್ಟೇ ಜೊತೆಗೆ ಹೋಗಬೇಕೆಂದು ಅವಳೇ ಕಲಿಸಿದ್ದಳು.

ಬಾಗಿಲು ತೆರೆಯಿತು.

'ನೆನಪಾಯಿತು. ಮೂರೂವರೆಗೆ ಶಾಲೆ ಬಿಡುತ್ತದೆ.'

ಅದು ಅವಳ ಮಗಳ ಶಾಲೆ ಬಿಡುವ ಹೊತ್ತು. ಗೂಢಚಾರ ಅವಳತ್ತ ತಿರುಗಿ ನೋಡಿದ. ಕೋಟು ಸರಿಮಾಡಿಕೊಂಡ. ಹೊರಟ. ಪರದೆಯಲ್ಲಿ ಖಾಲಿ ಕೋಣೆ. ಹೊರಗೆ ಮೆಟ್ಟಿಲಿನ ಮೇಲೆ ಬೂಟಿನ ಸದ್ದು ಇಳಿಯುತ್ತಿತ್ತು.

ಗಂಟೆ ಆಗಲೇ ಮೂರು ಹತ್ತು. ಎದ್ದೆನೋ ಬಿದ್ದೆನೋ ಎಂದು ಓಡಿದಳು. ಮೆಟ್ಟಿಲಲ್ಲಿ ಮೇಷ್ಟ್ರು ಎದುರಾದರು.

"ಏನು ಕೊಟ್ರಿ?"

"ಅದು... ಒಂದು ಪ್ರಾಣಿ..." ಪದ ಬಾಯಿಗೆ ಬರಲಿಲ್ಲ.

"ಕೊಟ್ಟಿದ್ದು ನಿಮ್ಮ ಹತ್ರ ಉಳಿಯಲ್ಲಮ್ಮ. ಅದಕ್ಕೆ ಅಂಟಿಕೊಂಡಿದ್ದೆಲ್ಲ ಅದರ ಹಿಂದೇನೇ ಹೋಗುತ್ತೆ. ಓಡಿ!"

ಸಿಗ್ನಲ್ ದಾಟಿದಳು. ಮಗಳ ಮೊದಲ ಹೆಜ್ಜೆ ಮರೆತುಹೋಯಿತು. ಔಷಧಿ ಅಂಗಡಿ ದಾಟಿದಳು. ಹೆರಿಗೆಯ ನೋವು ಹೋಯಿತು. ಹೆಸರು ಹೋಯಿತು. ಮುಖ ಹೋಯಿತು. ಗೇಟು. ಗೇಟು ಮುಟ್ಟಬೇಕು. ಯಾಕೆ? ಗೊತ್ತಿಲ್ಲ. ಓಡಬೇಕು.

ಗೇಟಿನ ಬಳಿ ಉದ್ದ ಕೋಟಿನವನೊಬ್ಬ ಬಗ್ಗಿ ಹುಡುಗಿಯೊಬ್ಬಳ ಕಿವಿಯಲ್ಲಿ ಏನೋ ಹೇಳಿದ. ಹುಡುಗಿ ತಲೆಯಾಡಿಸಿ ಅವನ ಕೈ ಹಿಡಿದಳು. ಇಬ್ಬರೂ ಅವಳ ಮುಂದೆಯೇ ಹಾದುಹೋದರು. ಯಾರದೋ ಮಗು. ಅದರ ಶೂ ಲೇಸು ಬಿಚ್ಚಿ ನೆಲಕ್ಕೆ ಬಿದ್ದಿತ್ತು.

"ಏಯ್, ಲೇಸು! ಎಷ್ಟು ಸಲ ಬಡ್ಕೋಬೇಕು ನಿಂಗೆ? ಮುಗ್ಗರಿಸಿದ್ರೆ ಇರೋ ನಾಲ್ಕು ಹಲ್ಲೂ ಹೋಗುತ್ತೆ!"

ಎಲ್ಲಿಂದ ಬಂತೋ ಆ ಸಿಟ್ಟು, ಅವಳಿಗೇ ತಿಳಿಯಲಿಲ್ಲ. ಹುಡುಗಿ ಗಕ್ಕನೆ ನಿಂತಳು. "ಅಮ್ಮಾ!" ಎಂದು ಕೈ ಕೊಸರಿಕೊಂಡು ಬಂದು ಅವಳ ಸೊಂಟ ತಬ್ಬಿದಳು. ಕೋಟಿನವನು ತನ್ನ ಖಾಲಿ ಕೈ ನೋಡಿಕೊಂಡ. ಅಳುವವನ ಹಾಗೆ ಅವನ ಬಾಯಿ ಸೊಟ್ಟಗಾಯಿತು. ಆಮೇಲೆ ಹಳೆಯ ಆಟದ ಚಿತ್ರದ ಹಾಗೆ ಚೌಕಚೌಕವಾಗಿ ಉದುರಿ ಬಿಸಿಲಿನಲ್ಲಿ ಇಲ್ಲವಾದ.

ಅವಳು ಕೂತು ಮಗುವಿನ ಲೇಸು ಕಟ್ಟಿದಳು. ಮುದ್ದಾದ ಮಗು. ಹೆತ್ತವರು ಎಲ್ಲಿ ಕಂಗಾಲಾಗಿದ್ದಾರೋ ಎಂದು ಕರುಳು ಚುರುಕ್ಕೆಂದಿತು.

"ನಿಮ್ಮಮ್ಮ ಎಲ್ಲಿ, ಪುಟ್ಟಿ?"

ಹುಡುಗಿ ಕಿಲಕಿಲ ನಕ್ಕಳು. ಅಮ್ಮ ಹೊಸ ಆಟ ಶುರುಮಾಡಿದ್ದಾಳೆ ಎಂದುಕೊಂಡಳು.

ಅವಳು ಮಗುವನ್ನು ಗೇಟು ಕಾಯುವವನ ಬಳಿ ಬಿಟ್ಟಳು. "ಈ ಮಗೂನ ಕರ್ಕೊಂಡು ಹೋಗೋರು ಬಂದಿಲ್ಲ. ಹುಷಾರಾಗಿ ನೋಡ್ಕೊಳ್ಳಿ."

"ಅಲ್ಲಮ್ಮಾ, ನೀವೇ ಅಲ್ವಾ ದಿನಾ..." ಎಂದು ಅವನು ಹೇಳುವಷ್ಟರಲ್ಲಿ ಅವಳು ರಸ್ತೆಗಿಳಿದಿದ್ದಳು. ಕಚೇರಿಯಲ್ಲಿ ಕೆಲಸ ಬಾಕಿಯಿತ್ತು. ಹಿಂದಿನಿಂದ ಯಾವುದೋ ಮಗು ಅಮ್ಮಾ, ಅಮ್ಮಾ ಎಂದು ಕೂಗತೊಡಗಿತು. ಶಾಲೆ ಬಿಡುವ ಹೊತ್ತಿನಲ್ಲಿ ಇದು ಇದ್ದದ್ದೇ ಎಂದುಕೊಂಡು ಅವಳು ರಸ್ತೆ ದಾಟಿದಳು.