ಕೆಂಚನದಿನ್ನಿಯ ಹೆಸರು ಹೇಳಿ ಬಂದವರು

ಬೆಳಗಾಗುವಷ್ಟರಲ್ಲಿ ಕೆಂಚನದಿನ್ನಿಯ ಹೆರಿಗೆ ಆಸ್ಪತ್ರೆ ಮಾಯವಾಗಿತ್ತು!

ಗೋಡೆ ಇತ್ತು. ಬಾಗಿಲಿತ್ತು. ಬಾಗಿಲಿಗೆ ಬೀಗವೂ ಇತ್ತು. ಇಲ್ಲದ್ದು ಬೋರ್ಡು, ಔಷಧಿ ಪೆಟ್ಟಿಗೆ ಮತ್ತು ನರ್ಸು ಜಂಬಮ್ಮ. ತುಂಬು ಬಸುರಿ ಮಗಳು ಪಾರಮ್ಮನನ್ನು ತೋರಿಸಲು ಕರೆತಂದಿದ್ದ ಹುಲುಗಮ್ಮ ಕಿಟಕಿಯಲ್ಲಿ ಇಣುಕಿದಳು. ಮಗಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸುಮ್ಮನೆ ಹೆದರುವ ಹೆಂಗಸಲ್ಲ ಅವಳು. ಆದರೆ ಹಿರಿಯ ಮಗಳು ಹೊನ್ನೂರಮ್ಮ ಎರಡು ವರ್ಷದ ಹಿಂದೆ ಹೆರಿಗೆ ನೋವಿನಲ್ಲೇ, ಹೊಟ್ಟೆಯ ಕೂಸಿನ ಸಮೇತ, ಅವಳ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದಳು. ಜಂಬಮ್ಮ ಊರಿಗೆ ಬಂದ ಮೇಲೆ ಅಂಥದ್ದೊಂದೂ ಆಗಿರಲಿಲ್ಲ. ಈಗ ಪಾರಮ್ಮನಿಗೆ ದಿನ ತುಂಬುತ್ತ ಬಂದಿದೆ, ಜಂಬಮ್ಮನೇ ಇಲ್ಲ!

ಅದು ೧೯೫೩ರ ಮಾಘಮಾಸ. ಬಳ್ಳಾರಿ ಇನ್ನೂ ಮದ್ರಾಸಿನ ಕೈಯಲ್ಲಿದ್ದ ಕಾಲ. ಹಿಂದಿನ ವರ್ಷವಷ್ಟೇ ಊರಿನವರು ಮೊಟ್ಟಮೊದಲ ಬಾರಿಗೆ ಓಟು ಹಾಕಿ ಗಾದಿಲಿಂಗಪ್ಪನವರನ್ನು ಎಮ್ಮೆಲ್ಲೆ ಮಾಡಿದ್ದರು. ಆಮೇಲೆ? ಆಮೇಲೇನು ಬಂತು, ಬೆರಳಿನ ಶಾಯಿ ಒಣಗುವ ಮೊದಲೇ ಮರೆತರು! ಹೇಗೂ ಮಲ್ಲಯ್ಯ ಇದ್ದನಲ್ಲ. ಆಗಾಗ ಬಳ್ಳಾರಿಗೆ ಹೋಗಿ ಎಮ್ಮೆಲ್ಲೆ ಮನೆಯಲ್ಲಿ ಹಾಜರಿ ಹಾಕಿ ಬರುವವನು. “ನೀವ್ಯಾಕ ಬಸ್ಸಿನಾಗ ಒದ್ದಾಡ್ತೀರಿ? ನಾ ಹೇಳತೀನಿ ಬಿಡ್ರಿ,” ಎನ್ನುವವನು. ನರ್ಸನ್ನು ಊರಿಗೆ ತಂದವನೂ ಅವನೇ. ಅದಕ್ಕೇ ಊರು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿತ್ತು.

ಹುಲುಗಮ್ಮ ಮುದಿ ಸೂಲಗಿತ್ತಿ ಸುಂಕಮ್ಮನ ಮನೆಗೆ ಓಡಿದಳು. ಸುಂಕಮ್ಮ ಹಿತ್ತಲಲ್ಲಿ ಒಂದು ಕಬ್ಬಿಣದ ಮಂಚದ ಮೇಲೆ ಮೆಣಸಿನಕಾಯಿ ಹರವುತ್ತಿದ್ದಳು.

“ಸುಂಕಮ್ಮತ್ತಿ, ನರ್ಸಮ್ಮ ಎಲ್ಲಿ?”

“ನಿನ್ನೆ ನೀವೆಲ್ಲ ಹತ್ತಿ ಬಿಡಸಾಕ ಹೋದಾಗ ಜೀಪು ಬಂತು. ಕುರುಗೋಡಿಗೆ ಕರಕೊಂಡು ಹೋದ್ರು.”

“ಯಾಕ?”

“ಊರವ್ರೇ ಬ್ಯಾಡ ಅಂದಾರಂತ! ಎಮ್ಮೆಲ್ಲೆ ಮುಂದ ಹೋಗಿ ಹೇಳ್ಯಾರಂತ! ‘ನಾ ಏನ್ ತಪ್ಪು ಮಾಡಿದ್ದೆ ಯವ್ವಾ’ ಅಂತ ಅಕಿ ಅತ್ತಕೊಂತ ಹೋದ್ಲು.”

ಊರವರೇ? ಯಾರು?

ಚಾವಡಿಯಲ್ಲಿ ಆಗಲೇ ಗದ್ದಲ ಎದ್ದಿತ್ತು. ಸೂಲಗಿತ್ತಿತನ ಕೈತಪ್ಪಿದ ಸುಂಕಮ್ಮನೇ ಮಾಡಿಸಿರಬೇಕು ಎಂದರು ಕೆಲವರು. ಆಸ್ಪತ್ರೆಗೆ ಮನೆ ಬಿಟ್ಟುಕೊಟ್ಟಿದ್ದ ಎರ್ರಣ್ಣನಿಗೆ ಹತ್ತಿ ತುಂಬಿಡಲು ಜಾಗ ಬೇಕಾಗಿತ್ತು, ಇದು ಅವನದೇ ಕೆಲಸ ಎಂದರು ಇನ್ನು ಕೆಲವರು. ಮಲ್ಲಯ್ಯ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ.

“ನರ್ಸಿನ್ನ ತಗೀಬ್ಯಾಡ್ರಿ ಅಂತ ಎಮ್ಮೆಲ್ಲೆಗೆ ಕೈಮುಗಿದೆ. ನನ್ನ ಮಾತು ನಡೀಲಿಲ್ಲ. ನಿಮಗ್ಯಾಕ ಚಿಂತಿ ಅಂತ ಹೇಳಿರಲಿಲ್ಲ. ಸಾಹೇಬ್ರು ನಾಳಿ ಸಂಜಿ ಮದ್ರಾಸಿಗೆ ಹೊಂಟಾರ, ಬರೋದು ಎರಡು ತಿಂಗಳು. ಬಂದ ಮ್ಯಾಲೆ ನಾ ಮತ್ತ ಹೇಳತೀನಿ.”

“ಎರಡು ತಿಂಗಳು! ನನ್ನ ಮಗಳ ಹೊಟ್ಟಿ ನಿನ್ನ ಮಾತು ಕೇಳ್ತೈತೇನೋ ಮಲ್ಲಯ್ಯ?”

ಹುಲುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದವಳೇ ಸಿರುಗುಪ್ಪದ ಬಂಡಿ ಹತ್ತಿದಳು. ಸಿರುಗುಪ್ಪದಲ್ಲಿ ಅವಳ ಅಣ್ಣ ಪಕ್ಕೀರಪ್ಪನಿದ್ದ. ಪೊಲೀಸ್ ಜಮೇದಾರನಾಗಿ ಪಿಂಚಣಿ ಪಡೆದವನು. ಮೀಸೆ ಬೆಳ್ಳಗಾಗಿದ್ದರೂ ಮೂಗು ಇನ್ನೂ ಚುರುಕು, ಆ ಮೂಗಿಗೆ ನಶ್ಯ ಮಾತ್ರ ಸದಾ ಬೇಕು. ಅವಳು ಹೋದಾಗ ಪಡಸಾಲೆಯಲ್ಲಿ ಹಗ್ಗ ಹೆಣೆದ ಹೊರಸಿನ ಮೇಲೆ ಕಾಲುಚಾಚಿ ಮಲಗಿದ್ದ.

“ಊರು ಬಿಟ್ಟಿದ್ದಕ್ಕ ಕೆಂಚಮ್ಮನ್ನೂ ಬಿಟ್ಟೇನೋ ಅಣ್ಣ? ಮೊದಲು ಕೆಳಗಿಳಿ!”

ಕೆಂಚನದಿನ್ನಿಯವರು ಹೊರಸು ಮುಟ್ಟುವುದಿಲ್ಲ, ಮಂಚ ಏರುವುದಿಲ್ಲ. ದಿನ್ನಿಯ ಮೇಲೆ ಬರೀ ನೆಲದಲ್ಲಿ ಕುಳಿತಿರುವ ಊರದೇವತೆ ಕೆಂಚಮ್ಮನ ಮಕ್ಕಳು ಮೇಲೆ ಮಲಗುವುದುಂಟೇ? ಗೌಡನಾದರೂ ಅಷ್ಟೇ, ಕೂಲಿಯವನಾದರೂ ಅಷ್ಟೇ, ಎಲ್ಲರಿಗೂ ಚಾಪೆಯೇ ಗತಿ. ಪಕ್ಕೀರಪ್ಪ ನಗುತ್ತ ಇಳಿದ. ತಂಗಿಯ ಮಾತು ಕೇಳುತ್ತ ಕೇಳುತ್ತ ಅವನ ನಗು ಹೋಯಿತು. ಪಾರಮ್ಮನನ್ನು ಎತ್ತಿ ಆಡಿಸಿದ ಸೋದರಮಾವ ಅವನು.

“ನಡಿ ಬಳ್ಳಾರಿಗೆ,” ಎಂದು ರುಮಾಲು ಸುತ್ತಿದ.

ಬಸ್ಸು ಕುರುಗೋಡು ದಾಟಿ ಬಳ್ಳಾರಿ ಮುಟ್ಟುವಾಗ ಮಧ್ಯಾಹ್ನ ಮೀರಿತ್ತು. ಕೌಲ್ ಬಜಾರಿನ ಎಮ್ಮೆಲ್ಲೆ ಮನೆಯ ಪಡಸಾಲೆಯಲ್ಲಿ ಆಳೊಬ್ಬ ಹೊರಸಿಗೆ ಹೊಸ ಹಗ್ಗ ಬಿಗಿದು ಎದ್ದುಹೋದ. ಗಾದಿಲಿಂಗಪ್ಪನವರು ಹೊರಗೆ ಬಂದು “ಕೂಡ್ರಿ” ಎಂದು ಅದನ್ನೇ ತೋರಿಸಿದರು. ಹುಲುಗಮ್ಮ ಬಂಡೆಯ ನೆಲದ ಮೇಲೆ ಕುಳಿತಳು.

“ಯಾವೂರು?”

“ಕೆಂಚನದಿನ್ನಿರಿ.”

ಅವರ ಮುಖ ಗಂಟಾಯಿತು. “ಮತ್ತೇನು ತಕರಾರು? ನರ್ಸಿನ್ನ ತಗೀರಿ ಅಂದ್ರಿ, ತಗಿಸಿದೆ!”

“ಅಂದವ್ರು ಯಾರ್ರಿ?” ಎಂದ ಪಕ್ಕೀರಪ್ಪ.

“ನಿಮ್ಮೂರ ಐದು ಮಂದಿ. ಮತ್ತ ಮತ್ತ ಬಂದ್ರು. ಕಡೀ ಸಲ ಬಂದಾಗ ಈ ಹೊರಸಿನ ಹಗ್ಗ ಹರಿಯೋ ತನಕ ಕುಂತಿದ್ರು!”

“ಹೆಸರು?”

“ಹೇಳಿದ್ರು, ಮರ್ತೀನಿ. ನಿಮ್ಮೂರವ್ರ ಮುಖ ನಾ ಎಲ್ಲಿ ನೋಡೀನ್ರಿ? ಓಟು ಆದ ಮ್ಯಾಲೆ ಮಲ್ಲಯ್ಯನ್ನ ಬಿಟ್ರ ಒಬ್ರೂ ಇತ್ಲಾಗ ಸುಳಿದಿಲ್ಲ.”

“ಅವರ ತಕರಾರು ಏನಿತ್ತು?”

“ನರ್ಸು ಹೆಣ್ಣಮಕ್ಕಳನ್ನ ಕಬ್ಬಿಣದ ಮಂಚದ ಮ್ಯಾಲೆ ಮಲಗಿಸಿ ಹೆರಿಗಿ ಮಾಡಸ್ತಾಳ. ನಮ್ಮ ದೇವತಿಗೆ ಮಂಚ ಆಗಿ ಬರಂಗಿಲ್ಲ, ಊರಿಗೆ ಕೇಡು ಬರ್ತೈತಿ — ಇದು. ದೇವರ ಮಾತಿಗೆ ನಾ ಹ್ಯಾಂಗ ಎದುರಾಡ್ಲಿ? ಕುರುಗೋಡಿನವ್ರೂ ನರ್ಸು ಬೇಕಂತಿದ್ರು. ಅಲ್ಲಿಗೆ ಕಳಿಸಿದೆ.”

“ಮಲ್ಲಯ್ಯ ಇದ್ನೇನ್ರಿ ಅವರ ಜೋಡಿ?”

“ಛೇ! ಅವ ತಗೀಬ್ಯಾಡ್ರಿ ಅಂತ ಕೈಮುಗಿದ. ಒಬ್ಬನ ಮಾತು ಕೇಳ್ಲೋ, ಐದು ಮಂದೀದು ಕೇಳ್ಲೋ?”

“ಸುಳ್ಳು ಸಾಹೇಬ್ರ! ಎಲ್ಲಾ ಸುಳ್ಳು!” ಹುಲುಗಮ್ಮ ಎದ್ದು ನಿಂತಳು. “ನನ್ನ ಮಗಳು ಸಾಯ್ತಾಳ್ರಿ!”

ಗಾದಿಲಿಂಗಪ್ಪನವರು ಕೆಟ್ಟವರಲ್ಲ. ಆದರೆ ಗುರುತಿಲ್ಲದ ಹೆಂಗಸು, ನಂಬುವುದು ಹೇಗೆ? “ತಾಯಿ, ನಾಳಿ ಸಂಜಿಗೆ ನನ್ನ ರೈಲು. ಅಷ್ಟರಾಗ ಊರವ್ರು ಬಂದು ಬೇಕು ಅಂದ್ರ ನೋಡೋಣ,” ಎಂದರು.

ಬೀದಿಗೆ ಬಂದು ಪಕ್ಕೀರಪ್ಪ ಆಸ್ಪತ್ರೆಯ ಮಂಚದ ಕತೆಯನ್ನು ತಂಗಿಯಿಂದ ಕೇಳಿ ತಿಳಿದುಕೊಂಡು ನಿಧಾನವಾಗಿ ನಶ್ಯ ಏರಿಸಿದ. ಮೀಸೆಯ ಅಡಿಯಲ್ಲೇ ನಕ್ಕ.

“ಆ ಐದು ಮಂದಿ ನಮ್ಮೂರವ್ರಲ್ಲ ಹುಲುಗಿ. ಆದ್ರ ಅವರನ್ನ ಕಳಿಸಿದವ ನಮ್ಮೂರವ!”

“ಒಗಟು ಹೇಳಬ್ಯಾಡೋ ಅಣ್ಣ. ಯಾರಂವ?”

“ನಾಳಿ ಊರನ್ನ ಇಲ್ಲಿಗೆ ಕರಕೊಂಡು ಬಾ, ನಾ ಇಲ್ಲೇ ಇರತೀನಿ. ಸುಂಕಮ್ಮ, ಎರ್ರಣ್ಣ, ಮಲ್ಲಯ್ಯ — ಮೂರೂ ಮಂದಿ ಇರಬೇಕು.”

ಕರೆತರುವುದೇನು ಸಾಮಾನ್ಯವೇ? ಸಂಜೆ ಚಾವಡಿಯಲ್ಲಿ ಹುಲುಗಮ್ಮ ಗಂಟಲು ಹರಿಯುವಂತೆ ಕೂಗಿದರೂ ಮಂದಿ ಎಂದಿನ ರಾಗವನ್ನೇ ತೆಗೆದರು — ನಾವು ಹೋಗಿ ಏನು ಮಾತಾಡೋದು, ಮಲ್ಲಯ್ಯ ಇದಾನಲ್ಲ. ಅವಳಿಗೆ ರೇಗಿತು.

“ನೀವು ಮನ್ಯಾಗ ಕುಂತ್ರಿ. ನಿಮ್ಮ ಹೆಸರು ತಾನೇ ಬಳ್ಳಾರಿಗೆ ಹೋಗಿ ಬಂತು! ಯಾರೋ ಐದು ಮಂದಿ ಎಮ್ಮೆಲ್ಲೆ ಮುಂದ ಕುಂತು ನಾವೇ ಕೆಂಚನದಿನ್ನಿ ಅಂದ್ರು, ಅವ್ರು ನಂಬಿದ್ರು. ಯಾಕ ನಂಬಬಾರ್ದು? ನಿಮ್ಮೊಳಗ ಒಬ್ಬರ ಮುಖಾನಾದ್ರೂ ಅವ್ರು ನೋಡ್ಯಾರೇನು?”

ಕೊನೆಗೆ ಎರ್ರಣ್ಣನೇ ಮೇಲೆದ್ದ.

“ಮುಂಜಾನೆ ನನ್ನ ಹತ್ತಿ ಲಾರಿ ಬಳ್ಳಾರಿಗೆ ಹೊಂಟೈತಿ. ಹತ್ರಿ ಎಲ್ಲಾರೂ! ನನ್ನ ಮ್ಯಾಲೆ ಅನುಮಾನ ಪಟ್ಟವ್ರು ಮೊದಲು ಹತ್ರಿ!”

ಮರುದಿನ ಕೌಲ್ ಬಜಾರಿನ ಜನ ಮೂಗಿನ ಮೇಲೆ ಬೆರಳಿಟ್ಟು ನಿಂತರು. ಬೆಟ್ಟದಷ್ಟು ಹತ್ತಿಯ ಮೇಲೆ ಹೆಂಗಸರು, ಗಂಡಸರು, ಕಂಕುಳ ಕೂಸುಗಳು! ಲಾರಿ ಎಮ್ಮೆಲ್ಲೆ ಮನೆಯ ಮುಂದೆ ನಿಂತಿತು. ಮಲ್ಲಯ್ಯ ಡ್ರೈವರನ ಪಕ್ಕದಿಂದ ಇಳಿದ. ಊರೇ ಹೊರಟಾಗ ತಾನೊಬ್ಬನೇ ಉಳಿದರೆ ಚೆನ್ನಾಗಿರುತ್ತದೆಯೇ?

ಗಾದಿಲಿಂಗಪ್ಪನವರು ಕಕ್ಕಾಬಿಕ್ಕಿಯಾಗಿ ಹೊರಗೆ ಬಂದರು. “ಬರ್ರಿ, ಬರ್ರಿ… ಕೂಡ್ರಿ.”

ಎಲ್ಲರೂ ಕುಳಿತರು. ಪಡಸಾಲೆ ತುಂಬಿತು, ಮೆಟ್ಟಿಲು ತುಂಬಿತು, ಅಂಗಳ ತುಂಬಿತು. ಪಕ್ಕೀರಪ್ಪ ಒಬ್ಬನೇ ನಿಂತಿದ್ದ.

“ಸಾಹೇಬ್ರ, ನಿಮ್ಮ ಹೊರಸು ನೋಡ್ರಿ. ಇಷ್ಟು ಮಂದಿ ಒತ್ತೊತ್ತಿ ಕುಂತಾರ, ಹೊರಸು ಖಾಲಿ ಐತಿ. ಯಾಕ?”

ಎಮ್ಮೆಲ್ಲೆ ಹೊರಸನ್ನು ನೋಡಿದರು. ಜನರನ್ನು ನೋಡಿದರು. ಅವರ ಬಾಯಿ ನಿಧಾನವಾಗಿ ತೆರೆಯಿತು.

“ಮಂಚ ಬ್ಯಾಡ, ದೇವತಿಗೆ ಆಗಂಗಿಲ್ಲ ಅಂತ ದೂರು ಹೇಳಾಕ ಬಂದವ್ರು, ಹೊರಸು ಹರಿಯೋ ತನಕ ಅದರ ಮ್ಯಾಲೇ ಕುಂತಿದ್ರು! ಅವರು ಕೆಂಚನದಿನ್ನಿಯವ್ರಾ ಸಾಹೇಬ್ರ? ಯಾರೋ ಪಾಠ ಹೇಳಿಕೊಟ್ಟಿದ್ರು. ಕೂಡೋದು ಹ್ಯಾಂಗ ಅನ್ನೋದನ್ನ ಹೇಳಿಕೊಡಾಕ ಮರೆತ್ರು!”

ಜನ ಹೋ ಎಂದು ನಕ್ಕರು. ಗಾದಿಲಿಂಗಪ್ಪನವರ ಮುಖ ಕೆಂಪಾಯಿತು. “ಹಂಗಾದ್ರ ಪಾಠ ಹೇಳಿದವ ಯಾರು?”

“ಅದಕ್ಕ ಒಂದೇ ಪ್ರಶ್ನೆ. ಮಲ್ಲಯ್ಯ, ನೀ ಊರಿನ ಹಿರಿಯ. ನೀನೇ ಹೇಳು — ಆಸ್ಪತ್ರಿ ಕಬ್ಬಿಣದ ಮಂಚ ಎಲ್ಲಿತ್ತು?”

ಮಲ್ಲಯ್ಯ ಎದ್ದು ನಿಂತ. “ಎಲ್ಲಿರ್ತೈತಿ? ಒಳಗಿನ ಕೋಣ್ಯಾಗ, ಕಿಟಕಿ ಬದಿಗೆ. ಪಾಪ, ನಮ್ಮ ಹೆಣ್ಣಮಕ್ಕಳು ಅದನ್ನ ಹತ್ತಾಕ ಹೆದರಿ ಸಾಯ್ತಿದ್ರು.”

ಹೆಂಗಸರೆಲ್ಲ ಒಟ್ಟಿಗೆ ಬಾಯಿ ಮಾಡಿದರು. ಸುಂಕಮ್ಮನ ದನಿ ಎಲ್ಲಕ್ಕಿಂತ ಮೇಲೆ.

“ಯಾವ ಕಾಲದ ಮಾತೋ ಅದು? ಜಂಬಮ್ಮ ಬಂದ ಮಾರನೇ ದಿನಾನೇ ಆ ಮಂಚ ನನ್ನ ಹಿತ್ತಲಕ್ಕ ಬಂತು! ‘ನಿಮ್ಮ ದೇವತಿಗೆ ಬ್ಯಾಡಾದ್ರ ನನಗೂ ಬ್ಯಾಡ, ಚಾಪಿ ಹಾಸ್ರಿ’ ಅಂದ್ಲು ಅಕಿ. ಎಲ್ಲಾ ಹೆರಿಗಿ ಚಾಪಿ ಮ್ಯಾಲೇ ಆಗ್ಯಾವ. ಅಕಿ ಬದಿಗೆ ಕುಂತಾಕಿ ನಾನೇ!”

“ನನ್ನ ಸೊಸಿ ಹಡೆದದ್ದೂ ಚಾಪಿ ಮ್ಯಾಲೇ. ಅವತ್ತೇ ನಮ್ಮಾಕಿ ನನಗ ಹೇಳಿದ್ಲು,” ಎಂದ ಎರ್ರಣ್ಣ.

ಪಕ್ಕೀರಪ್ಪ ಮಲ್ಲಯ್ಯನಿಂದ ಕಣ್ಣು ಕೀಳಲಿಲ್ಲ. “ಕೇಳಿದ್ರಾ ಸಾಹೇಬ್ರ? ಮಂಚದ ಮ್ಯಾಲೆ ದೂರು ಕಟ್ಟಿದವಗ ಊರಿನ ಪದ್ಧತಿ ಗೊತ್ತಿತ್ತು, ಮಂಚ ಹೊರಬಿದ್ದದ್ದು ಗೊತ್ತಿರಲಿಲ್ಲ. ಸುಂಕಮ್ಮ ಆಗಿದ್ರ, ಎರ್ರಣ್ಣ ಆಗಿದ್ರ, ಇಂಥ ಪೊಳ್ಳು ದೂರು ಕಟ್ತಿರಲಿಲ್ಲ. ಹೆರಿಗಿ ಕೋಣಿ ಸುದ್ದಿ ಹೆಂಗಸರಿಂದ ಗಂಡಸರಿಗೆ ಗೊತ್ತಾಗೋದು. ಊರಾಗ ಒಂದು ಮನ್ಯಾಗ ಮಾತ್ರ ಹೇಳವ್ರಿಲ್ಲ. ಹೆಂಡತಿ ತೀರಿಹೋದ ಮನಿ. ಒಬ್ಬಾಕಿ ಮಗಳು ಕುರುಗೋಡಿಗೆ ಮದುವಿಯಾಗಿ ಹೋದ ಮನಿ. ತಗೀಬ್ಯಾಡ್ರಿ ಅಂತ ಮುಂದ ಕೈಮುಗಿದು ಹಿಂದಿನಿಂದ ಐದು ಮಂದೀನ ಕಳಿಸಿದವ — ಈ ಮಲ್ಲಯ್ಯ!”

ಮಲ್ಲಯ್ಯ ನಿಂತಲ್ಲೇ ನೆಲಕ್ಕೆ ಕುಳಿತ.

“ಹೌದ್ರಿ… ಅವರು ಕುರುಗೋಡು ಸಂತಿ ಹಮಾಲರು. ನನ್ನ ಮಗಳು ವಿರೂಪಮ್ಮಗೂ ದಿನ ತುಂಬ್ಯಾವ. ಚೊಚ್ಚಲು. ತಾಯಿಲ್ಲದಾಕಿನ್ನ ಬರೀ ಮನಿಗೆ ಹ್ಯಾಂಗ ಕರೀಲಿ? ಬೀಗರ ಮುಂದ ಬಡಾಯಿ ಕೊಚ್ಚಿದೆ, ನರ್ಸಿನ್ನ ನಿಮ್ಮೂರಿಗೇ ತರಸ್ತೀನಿ ಅಂತ…”

ಬಡಿಯಿರಿ ಎಂದು ಹಿಂದಿನಿಂದ ಯಾರೋ ಕೂಗಿದರು. ಹುಲುಗಮ್ಮ ಅವನ ಮುಂದೆ ಹೋಗಿ ನಿಂತಳು. ಅವಳ ಕಣ್ಣಲ್ಲಿ ಬೆಂಕಿಯೂ ಇತ್ತು, ನೀರೂ ಇತ್ತು.

“ನಿನ್ನ ಮಗಳು ಬದುಕಾಕ ನನ್ನ ಮಗಳು ಸಾಯಬೇಕಾಗಿತ್ತೇನೋ? ತಾಯಿಲ್ಲ ಅಂತೀಯಲ್ಲ, ಊರಾಗ ಹೆಂಗಸರಿರಲಿಲ್ಲೇನು? ಬಾಯಿಬಿಟ್ಟು ಕೇಳಾಕ ನಿನಗೇನಾಗಿತ್ತು? ಹೋಗು, ಇವತ್ತೇ ಅಕಿನ್ನ ಕರಕೊಂಡು ಬಾ. ನನ್ನ ಮನ್ಯಾಗ ಹಡೀಲಿ. ಪಾರಿ ಬದಿಗೆ ಅಕಿಗೂ ಒಂದು ಚಾಪಿ ಹಾಸತೀನಿ!”

ಮಲ್ಲಯ್ಯ ಮುಖ ಮುಚ್ಚಿಕೊಂಡು ಅತ್ತ. ಗಾದಿಲಿಂಗಪ್ಪನವರು ಆಗಲೇ ಆಳನ್ನು ಓಡಿಸಿದ್ದರು — ಜಂಬಮ್ಮ ಈ ಸಂಜೆಯೇ ಕೆಂಚನದಿನ್ನಿಗೆ ವಾಪಸ್ಸು, ಕುರುಗೋಡಿಗೆ ಬೇರೆ ನರ್ಸನ್ನು ಮದ್ರಾಸಿನಲ್ಲಿ ನಾನೇ ಕೇಳುತ್ತೇನೆ ಎಂದು. ಆಮೇಲೆ ಜನರತ್ತ ತಿರುಗಿದರು.

“ಒಂದು ಮಾತು. ನೀವು ಮೊದಲೇ ಒಮ್ಮಿ ಬಂದಿದ್ರ ಇದು ಆಗ್ತಿರಲಿಲ್ಲ.”

“ನೀವು ಒಮ್ಮಿ ಬಂದಿದ್ರೂ ಆಗ್ತಿರಲಿಲ್ರಿ,” ಎಂದಳು ಹುಲುಗಮ್ಮ.

ಎಮ್ಮೆಲ್ಲೆ ಅವಳನ್ನೇ ನೋಡಿದರು, ಜೋರಾಗಿ ನಕ್ಕರು, ಕೈಮುಗಿದರು. ಲಾರಿ ಊರಿಗೆ ತಿರುಗಿದಾಗ ಹಾಡು ಶುರುಮಾಡಿದವರು ಯಾರೋ ತಿಳಿಯದು, ಕುರುಗೋಡು ಬರುವವರೆಗೂ ಯಾರೂ ನಿಲ್ಲಿಸಲಿಲ್ಲ.

ಯುಗಾದಿ ಕಳೆಯಿತು. ಗಾದಿಲಿಂಗಪ್ಪನವರು ಮದ್ರಾಸಿನಿಂದ ಮರಳಿದ ಸುದ್ದಿ ಬಂದ ಕೂಡಲೇ ಹುಲುಗಮ್ಮ ಊರಿನ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಳ್ಳಾರಿ ಬಸ್ಸು ಹತ್ತಿದಳು. ಬಾಗಿಲಲ್ಲಿ ಹೊಸ ಆಳು ಅಡ್ಡ ನಿಂತ.

“ಏನು ಕೆಲಸ?”

“ಕೆಲಸ ಏನಿಲ್ಲ.”

“ಕೆಲಸ ಇಲ್ಲದ ಮ್ಯಾಲೆ ಯಾಕ ಬಂದ್ರಿ?”

ಒಳಗಿನಿಂದ ದನಿ ಬಂತು. “ಯಾರದು? ಕೆಂಚನದಿನ್ನಿ ಹುಲುಗಮ್ಮನ ಮಾತು ಅದು! ಒಳಗ ಬಿಡೋ ಲೇ!”

ಗಾದಿಲಿಂಗಪ್ಪನವರು ಬಾಗಿಲವರೆಗೂ ಬಂದರು. ಪಾರಮ್ಮನ ತೋಳಲ್ಲಿ ಒಂದು ಕೂಸು, ವಿರೂಪಮ್ಮನ ತೋಳಲ್ಲಿ ಇನ್ನೊಂದು.

“ಇವ್ರನ್ನ ಯಾಕ ಬಿಸಿಲಾಗ ತಂದ್ರಬೇ?”

“ನಿಮ್ಮ ಮುಖ ಇವರು ನೋಡಿಟ್ಟುಕೊಳ್ಳಲಿ, ಇವರ ಮುಖ ನೀವು ನೋಡಿಟ್ಟುಕೊಳ್ರಿ,” ಎಂದಳು ಹುಲುಗಮ್ಮ. “ಮುಂದ ಇವರಿಗೂ ಓಟು ಬರ್ತೈತಲ್ರಿ!”