ಕೈ ಜಾರಿಸಿದ ಹೊಳಪು

ಅವನು ಆ ಸ್ಟೀರಿಂಗ್ ಚಕ್ರವನ್ನು, ಕಾರು ತೊಳೆಯುವ ಅಂಗಡಿಯಲ್ಲಿ ಅವಳ ಕೆಲಸದ ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಎಸೆದಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

"ಇದನ್ನ ಒರೆಸಿದ್ದು ಯಾರು?"

ಕಪ್ಪು ಚರ್ಮ ಸುತ್ತಿದ ಚಕ್ರ. ಒಂದು ಮಗ್ಗುಲು ಒಳಕ್ಕೆ ಬಾಗಿತ್ತು. ಅವಳಿಗೆ ತಕ್ಷಣ ಗುರುತು ಸಿಕ್ಕಿತು. ಕಾರು ಓಡಿಸಲು ಕಲಿಸುವ ಒಬ್ಬ ಹೆಂಗಸಿನದು. ಕಲಿಯಲು ಬಂದವರ ಬೆವರುಗೈಗಳಿಂದ ಜಿಡ್ಡು ಹತ್ತಿ ಅಂಟಂಟಾಗಿತ್ತು. ಕಳೆದ ತಿಂಗಳಷ್ಟೇ ಅವಳು ಹಿಂಡಿದ ಬಟ್ಟೆಗೆ ಸೋಪಿನ ನೊರೆ ಹಚ್ಚಿಕೊಂಡು, ಅಂಗೈಯಗಲ ಅಂಗೈಯಗಲವಾಗಿ ಅದನ್ನು ಒರೆಸಿದ್ದಳು. ಹೊಲಿಗೆಯ ಸಂದುಗಳಲ್ಲಿ ಮೆತ್ತನೆಯ ಬ್ರಶ್ ಆಡಿಸಿದ್ದಳು. ನೆರಳಿನಲ್ಲಿ ಒಣಗಿಸಿ, ಕಾಳಿನಷ್ಟೇ ಕ್ರೀಮು ಹಚ್ಚಿ, ಅಂಗೈಗೆ ಗಟ್ಟಿ ಹಿಡಿತ ಸಿಗುವವರೆಗೂ ಒಣಬಟ್ಟೆಯಲ್ಲಿ ತಿಕ್ಕಿದ್ದಳು.

ಈಗ ಅದರ ಮೇಲೆ ಬೆರಳಿಟ್ಟಳು. ಬೆರಳು ಜಾರಿತು.

ಅಯ್ಯೋ... ಹೊಳಪಿನ ಎಣ್ಣೆ!

ಕಾರಿನ ಪ್ಲಾಸ್ಟಿಕ್ಕಿಗೆ ಹಚ್ಚುವ ಎಣ್ಣೆ ಅದು. ಚಕ್ರಕ್ಕೆ ಮಾತ್ರ ಸೋಕಿಸಬೇಡ, ಹಿಡಿತ ಹೋಗುತ್ತದೆ ಎಂದು ಅಣ್ಣನಿಗೆ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಕಾರು ಕಣ್ಣು ಕುಕ್ಕುವ ಹಾಗೆ ಮಿಂಚಿದರೇನೇ ಗಿರಾಕಿ ಮತ್ತೆ ಬರುವುದು ಎನ್ನುವುದು ಅಣ್ಣನ ಹಟ.

ತಲೆಯೆತ್ತಿದಳು. ಒಳಬಾಗಿಲಲ್ಲಿ ಅಣ್ಣ ನಿಂತಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಂದೆ ತುಂಬು ಬಸುರಿ ಅತ್ತಿಗೆ ಗೋಡೆ ಹಿಡಿದುಕೊಂಡಿದ್ದಳು.

"ನಾನೇ," ಎಂದಳು ಅವಳು.

ಬಂದವನು ಕೂಗಾಡಲಿಲ್ಲ. ಪಾಠ ಒಪ್ಪಿಸುವವನ ಹಾಗೆ, ಇಳಿಜಾರಿನ ತಿರುವಿನಲ್ಲಿ ತನ್ನ ಅಕ್ಕನ ಕೈ ಜಾರಿ ಕಾರು ಗೋಡೆಗೆ ಬಡಿಯಿತೆಂದೂ, ಬೆನ್ನುಮೂಳೆ ಮುರಿದಿದೆಯೆಂದೂ, ಸೊಂಟದಿಂದ ಕೆಳಗೆ ಇನ್ನು ಮೇಲೆ ಏನೂ ಇಲ್ಲವೆಂದು ಡಾಕ್ಟರು ಹೇಳಿದರೆಂದೂ ಹೇಳಿದ.

"ಪೊಲೀಸು ಗಿಲೀಸು ಅಂತ ನಾನು ಹೋಗಲ್ಲ. ಒಂದ್ಸಲ ಬಂದು ನೋಡು. ಅಷ್ಟೇ."

ಅವಳು ಹೋದಳು.

ಅವನದು ಕನ್ನಡಕದ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಹೆತ್ತವರು ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ ಅಕ್ಕ, ಕಿಟಕಿಯ ಪಕ್ಕದ ಮಂಚದಲ್ಲಿ ಸೂರು ನೋಡುತ್ತ ಮಲಗಿದ್ದಳು. ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ಅಕ್ಕ ಅವಳ ಕಡೆ ತಲೆ ಹೊರಳಿಸಿದಳು.

"ನೀನೇನಾ ಒರೆಸಿದ್ದು?"

"ಹೂಂ..."

"ಹಾಗಾದ್ರೆ ಬಾ, ನನ್ನ ಮುಖನೂ ಒಂಚೂರು ಒರೆಸು. ಆ ನರ್ಸಮ್ಮ ನೆಲ ಒರೆಸೋ ಹಾಗೆ ಒರೆಸ್ತಾಳೆ."

ಅವಳಿಗೆ ಅಳು ಬಂದಿದ್ದು ಆಗ.

ಅಲ್ಲಿಂದ ಪ್ರತಿ ಮಧ್ಯಾಹ್ನ ಅವಳು ಆ ಮೆಟ್ಟಿಲು ಹತ್ತಿದಳು. ಅಕ್ಕನ ಮೈ ಒರೆಸಿದಳು, ತಲೆ ಬಾಚಿದಳು, ಮಗ್ಗುಲು ಬದಲಿಸಿದಳು. ಎಷ್ಟು ಒದ್ದೆ ಮಾಡಬೇಕು, ಎಲ್ಲಿ ತಿಕ್ಕಬಾರದು ಎನ್ನುವುದು ಅವಳ ಕೈಗೆ ಗೊತ್ತಿತ್ತು. ಅಕ್ಕ ಅವಳಿಗೆ 'ಒರಸಮ್ಮ' ಎಂದು ಹೆಸರಿಟ್ಟಳು. ಕಾರು ಕಲಿಯಲು ಬಂದವಳೊಬ್ಬಳು ಬ್ರೇಕ್ ಹಾಕುವ ಬದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದ ಕಥೆಯನ್ನು ಮತ್ತೆ ಮತ್ತೆ ಹೇಳಿ ತಾನೇ ನಗುತ್ತಿದ್ದಳು. ನಗುತ್ತ ನಗುತ್ತ ಮುಖ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದಳು.

ಅವನು ಮಾತ್ರ ಅವಳ ಜೊತೆ ಮಾತಾಡುತ್ತಿರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ. ಆದರೆ ಕೆಲವು ವಾರ ಕಳೆದ ಮೇಲೆ, ಬಿಸಿಲಿಗೆ ಬಿಟ್ಟ ಅವಳ ಚಪ್ಪಲಿ ನೆರಳಿಗೆ ಸರಿದಿರತೊಡಗಿತು. ಯಾರು ಸರಿಸಿದರೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅದೂ ನಿಂತುಹೋಗುತ್ತಿತ್ತೇನೋ...

ಒಂದು ದಿನ ಅಕ್ಕನ ದಿಂಬಿನ ಹೊಲಿಗೆ ಬಿಚ್ಚಿತ್ತು. ಸೂಜಿಗೆ ದಾರ ಪೋಣಿಸಲು ಅವಳು ಪರದಾಡುವುದನ್ನು ಅವನು ಕಂಡ. ಏನೂ ಹೇಳದೆ ಕೆಳಗೆ ಕರೆದುಕೊಂಡು ಹೋಗಿ ಅಂಗಡಿಯ ಕುರ್ಚಿಯಲ್ಲಿ ಕೂರಿಸಿದ. ಒಂದರ ಮೇಲೊಂದು ಗಾಜು ಬದಲಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿದ. ಕೊನೆಯ ಗಾಜು ಹಾಕಿದಾಗ ಅಕ್ಷರಗಳ ಜೊತೆಗೆ ಅವನ ಮುಖವೂ ಹತ್ತಿರದಿಂದ ಸ್ಪಷ್ಟವಾಗಿ ಕಂಡಿತು. ಅದು ನಿದ್ದೆಗೆಟ್ಟವನ ಮುಖ.

"ನಿನ್ನ ಮೇಲೆ ಸಿಟ್ಟು ಬಿಡಬಾರದು ಅಂತ ದಿನಾ ಬೆಳಗ್ಗೆ ಅಂದ್ಕೋತೀನಿ," ಎಂದ ಅವನು. "ಮಧ್ಯಾಹ್ನದವರೆಗೆ ಹೇಗೋ ಆಗುತ್ತೆ."

ಈಗ ಹೇಳಿಬಿಡಲೇ? ನಾನಲ್ಲ ಎಂದುಬಿಡಲೇ? ಹೇಳಿದರೆ ಅಣ್ಣನ ಗತಿ? ಮೊನ್ನೆಯಷ್ಟೇ ಹುಟ್ಟಿದ ಆ ಕೂಸಿನ ಗತಿ? ಅವನು ಮಾಡಿಕೊಟ್ಟ ಕನ್ನಡಕ ಹಾಕಿಕೊಂಡು ಮನೆಗೆ ಹೋದಳು. ದಾರಿಯುದ್ದಕ್ಕೂ ಲೋಕವೆಲ್ಲ ನಿಚ್ಚಳವಾಗಿತ್ತು, ಅವಳೊಬ್ಬಳೇ ಮಸುಕಾಗಿದ್ದಳು.

ಅಷ್ಟರಲ್ಲಿ, ಮಲಗಿದ್ದಲ್ಲೇ ಮಲಗಿ ಅಕ್ಕನ ಬೆನ್ನಿಗಾಗಿದ್ದ ಹುಣ್ಣು ಕೀವುಗಟ್ಟಿತು. ಜ್ವರ ಇಳಿಯಲೇ ಇಲ್ಲ. ಡಾಕ್ಟರು ಬಂದು ನೋಡಿ, ಹೊರಗೆ ಅವನೊಬ್ಬನನ್ನೇ ಕರೆದು ಮಾತಾಡಿದರು. ಒಳಗೆ ಬಂದಾಗ ಅವನು ನಗಲು ನೋಡಿದ, ಆಗಲಿಲ್ಲ. ಅಕ್ಕ ಈಗ ಲೋಟದಲ್ಲಿ ಕುಡಿಸಿದ್ದನ್ನು ಬಿಟ್ಟರೆ ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ.

ಆ ಮಧ್ಯಾಹ್ನ ಅವಳು ಬಂದಾಗ ಒಳಗೆ ಅಕ್ಕನ ದನಿ ಕೇಳಿಸಿತು. ಅವಳು ಹೊಸ್ತಿಲಲ್ಲೇ ನಿಂತಳು.

"ಆ ಹುಡುಗಿ ಒರೆಸಿದ್ದು ಸರಿಯಾಗೇ ಇತ್ತು ಕಣೋ. ಆಮೇಲೆ ಎಣ್ಣೆ ಹಚ್ಚಿದ್ದು ಅವಳಣ್ಣ. ಹಚ್ಚಿ ಅಂತ ಕೇಳಿದ್ದು ನಾನೇ. ಹೊಸ ಕಾರಿನ ಹಾಗೆ ಮಿಂಚಲಿ ಅಂದೆ. ಮೊದಲನೇ ತಿರುವಲ್ಲೇ ಕೈ ಜಾರಿತು, ಗೊತ್ತಾಯ್ತು. ಕಲಿಯೋಳು ಕಾಯ್ತಿದ್ದಾಳೆ, ಆಮೇಲೆ ಒರೆಸ್ಕೊಂಡ್ರಾಯ್ತು ಅಂತ ಹೋದೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?" ಅವನ ದನಿ ಒಡೆದಿತ್ತು.

"ಹೇಳಿದ್ರೆ ಅವಳು ಬರೋದು ಬಿಟ್ಟುಬಿಡ್ತಾಳೆ ಅಂತ. ನನ್ನ ಸ್ವಾರ್ಥ ಅಂದ್ಕೋ."

ಅವನು ತಿರುಗಿದ. ಬಾಗಿಲಲ್ಲಿ ಅವಳನ್ನು ಕಂಡ. ಅವನ ಕಣ್ಣಿನಲ್ಲಿ ಈ ತಿಂಗಳುಗಳಲ್ಲಿ ಮೂಡಿದ್ದ ಬೆಳಕೆಲ್ಲ ಒಂದೇ ಗಳಿಗೆಯಲ್ಲಿ ಆರಿಹೋಯಿತು.

"ಅಣ್ಣನನ್ನ ಉಳಿಸೋಕೆ ಬರ್ತಿದ್ದೆಯಾ ಇಲ್ಲಿಗೆ? ನಿನ್ನ ದ್ವೇಷ ಮಾಡೋಕೆ ಒದ್ದಾಡಿದೆ. ಆಮೇಲೆ ಕ್ಷಮಿಸೋಕೆ ಒದ್ದಾಡಿದೆ. ಎರಡೂ ಒಂದು ಸುಳ್ಳಿಗೋಸ್ಕರನಾ?"

ಅಕ್ಕ ಬೇಡವೆಂದು ಕೈಯೆತ್ತಿದಳು. ಅವನು ನೋಡಲಿಲ್ಲ.

"ಹೋಗು. ಮತ್ತೆ ಬರಬೇಡ."

ಅದೇ ವಾರ ಅಕ್ಕ ತೀರಿಕೊಂಡಳು. ಅವಳು ರಸ್ತೆಯ ಆಚೆ ಬದಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಮುಂದೆ ನಿಂತು ನೋಡಿದಳು. ಕಾರು ಕಲಿತ ಹೆಂಗಸರು ತಂಡತಂಡವಾಗಿ ಬಂದಿದ್ದರು. ಆ ಗುಂಪಿನ ನಡುವಿನಿಂದ ಅವನು ಅವಳನ್ನು ಕಂಡ. ಕಂಡು ಮುಖ ತಿರುಗಿಸಿದ. ಕಡೆಯದಾಗಿ ಒಂದು ಸಲ ಅಕ್ಕನ ಮುಖ ಒರೆಸಲೂ ತನಗೆ ಆಗಲಿಲ್ಲವಲ್ಲ ಎಂದುಕೊಳ್ಳುತ್ತಲೇ ಅವಳು ಅಲ್ಲಿಂದ ಹೊರಟಳು.

ಮನೆಗೆ ಬಂದು ಅಣ್ಣನಿಗೆ ಎಲ್ಲವನ್ನೂ ಹೇಳಿದಳು. ಅಣ್ಣ ತಲೆ ಹಿಡಿದುಕೊಂಡು ಕುಸಿದ. ತಂಗಿಯನ್ನು ಮುಂದೆ ಮಾಡಿ ತಾನು ಹಿಂದೆ ನಿಂತೆನಲ್ಲ ಎಂದು ಅತ್ತ. ಈಗಲಾದರೂ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ, ನೀನೂ ಜೊತೆಗೆ ಬಾ ಎಂದು ಗೋಗರೆದ.

"ಒಬ್ಬನೇ ಹೋಗಣ್ಣ," ಎಂದಳು ಅವಳು. "ನಿನ್ನ ಬದಲಿಗೆ ಹೋಗಿ ಹೋಗಿ ನನ್ನ ಪಾಲಿನದೂ ಕಳ್ಕೊಂಡೆ."

ಅವಳು ಅಣ್ಣನ ಅಂಗಡಿಯನ್ನೇ ಬಿಟ್ಟಳು. ಊರಾಚೆ ಬಾಡಿಗೆ ಕಾರುಗಳ ಶೆಡ್ಡೊಂದರಲ್ಲಿ ಕೆಲಸ ಹಿಡಿದು, ಪಕ್ಕದಲ್ಲೇ ಒಂದು ಕೋಣೆ ಮಾಡಿಕೊಂಡಳು. ಹಗಲೆಲ್ಲ ಯಾರ್ಯಾರದೋ ಕೈಜಿಡ್ಡು ತೊಳೆಯುವುದು. ಮಿಂಚಿಸಿಕೊಡಮ್ಮ ಎಂದು ಡ್ರೈವರುಗಳು ಕೇಳಿದರೆ, ಚಕ್ರ ಮಿಂಚಬಾರದು ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಿದ್ದಳು. ಅಣ್ಣ ಕನ್ನಡಕದ ಅಂಗಡಿಗೆ ಹೋಗಿಬಂದನೆಂದು ಅತ್ತಿಗೆ ಹೇಳಿಕಳಿಸಿದಳು. ಅವನು ಕುರ್ಚಿ ತೋರಿಸಿ, ನೀರು ಕೊಟ್ಟು, ಒಂದು ಮಾತೂ ಆಡದೆ ಕಳಿಸಿದನಂತೆ.

ಮಳೆಗಾಲ ಬಂದು ಹೋಯಿತು.

ಒಂದು ಬೆಳಗ್ಗೆ ಅವಳು ಕಾರೊಂದರಲ್ಲಿ ಕೂತು ಸ್ಟೀರಿಂಗಿಗೆ ನೊರೆ ಹಚ್ಚುತ್ತಿದ್ದಾಗ ಪಕ್ಕದ ಬಾಗಿಲು ತೆರೆಯಿತು. ಅವನು ಒಳಗೆ ಬಂದು ಕೂತ. ಬಡಕಲಾಗಿದ್ದ. ಅವಳ ಕೈ ನಿಂತಿತು.

"ನಿಮ್ಮಣ್ಣನನ್ನ ಕ್ಷಮಿಸಿಲ್ಲ," ಎಂದ ಮುಂದಿನ ಗಾಜನ್ನೇ ನೋಡುತ್ತ. "ಆಗುತ್ತೋ ಇಲ್ವೋ ಗೊತ್ತಿಲ್ಲ."

"ಅದನ್ನ ಕೇಳೋ ಹಕ್ಕು ನನಗಿಲ್ಲ."

"ಊಟಕ್ಕೆ ಎರಡು ತಟ್ಟೆ ಇಡ್ತೀನಿ ದಿನಾ. ಅಕ್ಕ ಇದ್ದಾಗಿನ ಅಭ್ಯಾಸ ಅಂದ್ಕೊಂಡಿದ್ದೆ. ಕೊನೆಕೊನೆಗೆ ಅಕ್ಕನಿಗೆ ನಾವು ಲೋಟದಲ್ಲಿ ಕುಡಿಸ್ತಿದ್ವಿ. ಅವಳ ತಟ್ಟೆ ಎಲ್ಲಿತ್ತು? ಆ ತಟ್ಟೆ ಯಾರದು ಅಂತ ತಿಳಿಯೋಕೆ ಇಷ್ಟು ದಿನ ಬೇಕಾಯ್ತು ನನಗೆ."

ಅವಳ ಕಣ್ಣು ತುಂಬಿತು. ಇನ್ನು ಸುಳ್ಳು ಬೇಡ, ಅರ್ಧ ಸತ್ಯವೂ ಬೇಡ ಎಂದುಕೊಂಡಳು.

"ಮೊದಲು ಬಂದಿದ್ದು ಅಣ್ಣನಿಗೋಸ್ಕರಾನೇ. ಆಮೇಲೆ ಅಕ್ಕನಿಗೋಸ್ಕರ ಬಂದೆ. ಆಮೇಲಾಮೇಲೆ... ಅಕ್ಕ ನಿದ್ದೆ ಹೋದ್ರೂ ಎದ್ದು ಹೋಗದೆ ಕೂತಿರ್ತಿದ್ದೆ."

"ಯಾರಿಗೋಸ್ಕರ?"

"ನಿಮಗೋಸ್ಕರ."

ಅವನು ನೊರೆ ಮೆತ್ತಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

"ಮನೆಗೆ ಬಾ."

"ಇದನ್ನ ಹೀಗೇ ಒದ್ದೆ ಬಿಟ್ಟು ಬರೋಕಾಗಲ್ಲ. ಚರ್ಮ ಬಿರಿಯುತ್ತೆ."

"ಕಾಯ್ತೀನಿ."

"ತಡ ಆಗುತ್ತೆ. ಹಸಿವಾಗಲ್ವಾ?"

"ಆಗ್ತಿದೆ," ಎಂದ ಅವನು. "ಎಷ್ಟೋ ದಿನ ಆದ್ಮೇಲೆ."